ಸರಾಸರಿಯಲ್ಲಿ ಮುಚ್ಚಿಹೋದ 23 ಜೂಲ್

ಒಂದೇ ಶಾಫ್ಟ್‌ನಿಂದ ಕತ್ತರಿಸಿದ ಮೂರು ತುಂಡು ಉಕ್ಕು. ಪ್ರತಿಯೊಂದೂ 55 ಮಿಲಿಮೀಟರ್ ಉದ್ದ, 10 ಮಿಲಿಮೀಟರ್ ಅಗಲ, 10 ಮಿಲಿಮೀಟರ್ ದಪ್ಪ. ನಟ್ಟನಡುವೆ 2 ಮಿಲಿಮೀಟರ್ ಆಳದ 'ವಿ' ಆಕಾರದ ಕಚ್ಚು. ಮೈನಸ್ 20 ಡಿಗ್ರಿಗೆ ತಣಿಸಿ ಒಂದೊಂದನ್ನೇ ಲೋಲಕದ ಸುತ್ತಿಗೆಯ ಎದುರಿಗಿಟ್ಟು ಹೊಡೆದರು. ಮೊದಲನೆಯದು 61 ಜೂಲ್. ಎರಡನೆಯದು 57. ಮೂರನೆಯದು 23.

ಪೀಣ್ಯದ ಒಂದು ಪರೀಕ್ಷಾಲಯದಲ್ಲಿ ನಾನೇ ನಿಂತು ನೋಡಿದ್ದು ಇದು. ಗಿರಾಕಿ ಕೇಳಿದ್ದ ಸರಾಸರಿ 40 ಜೂಲ್, ಬಂದದ್ದು 47. ಹೀಟ್ ಟ್ರೀಟ್‌ಮೆಂಟ್ ಮಾಡಿದ ಕಾರ್ಖಾನೆಯಿಂದ ಬಂದಿದ್ದ ಹುಡುಗನ ಮುಖ ಮೊದಲ ಎರಡು ಅಂಕಿಗೆ ಅರಳಿದ್ದು ಮೂರನೆಯದಕ್ಕೆ ಬಾಡಿತು. "ಸಾರ್, ಸರಾಸರಿ ಬಂತಲ್ಲ? ಹಾರ್ಡ್‌ನೆಸ್ ಹತ್ತು ಕಡೆ ಚೆಕ್ ಮಾಡಿದ್ದೀವಿ, ಎಲ್ಲಾ ಕಡೆ ಕರೆಕ್ಟಾಗಿದೆ. ಆ ಒಂದು ಪೀಸ್‌ನಲ್ಲಿ ಏನೋ ಮಿಸ್ಟೇಕ್ ಇರಬೇಕು. ಅದನ್ನ ಬಿಟ್ಟು ಇನ್ನೊಂದು ಹೊಡೆದುಬಿಡಿ" ಅಂದ. ಯಂತ್ರದ ಪಕ್ಕದಲ್ಲಿದ್ದ ಹಿರಿಯರು ತಲೆಯಾಡಿಸಿದರು. "ಬಿಡೋಕಾಗಲ್ಲಪ್ಪ. ಯಾವ ಒಂದು ಪೀಸೂ 28ಕ್ಕಿಂತ ಕೆಳಗೆ ಬರೋ ಹಾಗಿಲ್ಲ."

ಹುಡುಗ ಮೋಸ ಮಾಡಲು ಹೊರಟವನಲ್ಲ. ಒಂದೇ ಉಕ್ಕು, ಒಂದೇ ಕುಲುಮೆ, ಒಂದೇ ಎಣ್ಣೆ, ಒಂದೇ ಯಂತ್ರ ಎಂದ ಮೇಲೆ ಉತ್ತರವೂ ಒಂದೇ ಬರಬೇಕು ಎಂಬುದು ಅವನ ನಂಬಿಕೆ. ನಮ್ಮ ಮನೆಗಳಲ್ಲಿ ಅನ್ನ ಬೆಂದಿದೆಯೋ ಇಲ್ಲವೋ ಎಂದು ನೋಡುವುದು ಒಂದು ಅಗುಳು ಹಿಸುಕಿ. ಪಾತ್ರೆಯ ತುಂಬ ಅದೇ ಅಕ್ಕಿ, ಅದೇ ನೀರು, ಅದೇ ಉರಿ. ಒಂದು ಅಗುಳು ಇಡೀ ಪಾತ್ರೆಯ ಪರವಾಗಿ ಮಾತಾಡುತ್ತದೆ. ಉಕ್ಕಿನ ಗಡಸುತನವೂ ಹೆಚ್ಚುಕಡಿಮೆ ಹಾಗೆಯೇ: ಅಕ್ಕಪಕ್ಕ ನಾಲ್ಕು ಕಡೆ ಒತ್ತಿದರೆ ಒಂದೆರಡು ಅಂಕ ಆಚೀಚೆ ಬರಬಹುದು, ಅಷ್ಟೆ. ಆದರೆ ಹೊಡೆತ ತಾಳುವ ಗುಣ, ಶಾಪ್‌ಗಳಲ್ಲಿ ಟಫ್‌ನೆಸ್ ಎಂದು ಕರೆಯುವುದು, ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಬಗ್ಗದಿರುವುದಕ್ಕೆ ಗಟ್ಟಿ ಕಾರಣಗಳಿವೆ. ಅವು ಗೊತ್ತಿಲ್ಲದೆ ಮೂರನೆಯ ತುಂಡನ್ನು ಕಸದ ಬುಟ್ಟಿಗೆ ಹಾಕುವುದು ಅಪಾಯ.

ಮೊದಲು ಪರೀಕ್ಷೆಯ ಬಗ್ಗೆ ನಾಲ್ಕು ಮಾತು. ಫ್ರಾನ್ಸಿನ ಜಾರ್ಜ್ ಶಾರ್ಪಿ 1901ರಲ್ಲಿ ಪ್ರಕಟಿಸಿದ ವಿಧಾನ ಇದು. ಅದಕ್ಕೂ ಮೂರು ವರ್ಷ ಮೊದಲು ಅಮೆರಿಕದ ಎಸ್. ಬಿ. ರಸೆಲ್ ಇಂಥದೇ ಲೋಲಕದ ಯಂತ್ರವನ್ನು ವಿವರಿಸಿದ್ದ. ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು 300 ಜೂಲ್‌ನ ಯಂತ್ರ. ಸುಮಾರು 20 ಕಿಲೋ ತೂಕದ ಸುತ್ತಿಗೆ ಒಂದೂವರೆ ಮೀಟರ್ ಎತ್ತರದಿಂದ ತೂಗಿ ಬಂದು, ಸೆಕೆಂಡಿಗೆ ಐದು ಮೀಟರ್‌ಗೂ ಹೆಚ್ಚಿನ ವೇಗದಲ್ಲಿ ತುಂಡನ್ನು ಕಚ್ಚಿನ ಹಿಂಬದಿಯಿಂದ ಬಡಿಯುತ್ತದೆ. ತುಂಡು ಮುರಿದ ಮೇಲೆ ಸುತ್ತಿಗೆ ಆ ಬದಿಗೆ ಎಷ್ಟು ಎತ್ತರ ಏರಿತು ಎಂದು ನೋಡುತ್ತಾರೆ. ಬಿದ್ದ ಎತ್ತರಕ್ಕೂ ಏರಿದ ಎತ್ತರಕ್ಕೂ ಇರುವ ವ್ಯತ್ಯಾಸವೇ ಉಕ್ಕು ನುಂಗಿದ ಶಕ್ತಿ. ಇಷ್ಟು ಸರಳವಾದ್ದರಿಂದಲೇ ನೂರು ವರ್ಷ ದಾಟಿಯೂ ಅದು ಉಳಿದಿದೆ.

ಸರಳತೆಗೆ ತಕ್ಕ ಬೆಲೆಯೂ ಇದೆ. ಕಚ್ಚಿನ ತಳದ ದುಂಡು 0.25 ಮಿಲಿಮೀಟರ್ ಇರಬೇಕು. ಅದರಲ್ಲಿ ಅಮೆರಿಕದ ಎಎಸ್‌ಟಿಎಂ ಇ23 ಮಾನಕ ಕೊಡುವ ರಿಯಾಯಿತಿ 0.025 ಮಿಲಿಮೀಟರ್ ಮಾತ್ರ. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಕಚ್ಚು ಕೊಯ್ಯುವ ಬ್ರೋಚ್ ಸವೆದಿದ್ದರೆ ತಳ ದುಂಡಗಾಗಿ ಉಕ್ಕು ಇಲ್ಲದ ಬಲ ತೋರಿಸುತ್ತದೆ; ತಳದಲ್ಲಿ ಒಂದು ಗೀರು ಉಳಿದಿದ್ದರೆ ಇರುವ ಬಲವನ್ನೂ ತೋರಿಸುವುದಿಲ್ಲ. ತಣ್ಣನೆಯ ಸ್ನಾನದಿಂದ ತೆಗೆದ ತುಂಡನ್ನು 5 ಸೆಕೆಂಡಿನೊಳಗೆ ಮುರಿಯಬೇಕು. ಎತ್ತುವ ಇಕ್ಕಳವೂ ಅದೇ ಸ್ನಾನದಲ್ಲಿ ತಣಿದಿರಬೇಕು. ತುಂಡು ಒರಗುವ ಆಧಾರದ ಬೋಲ್ಟು ಸಡಿಲವಾಗಿದ್ದರೂ, ಯಂತ್ರದ ಬುನಾದಿ ಅಲುಗಾಡಿದರೂ ಉಕ್ಕಿನ ಲೆಕ್ಕಕ್ಕೆ ಯಂತ್ರದ ಲೆಕ್ಕವೂ ಸೇರುತ್ತದೆ.

ಹಾಗಾಗಿ ಅಂಕಿಗಳು ಚದುರಿದಾಗ ಯಂತ್ರದ ಮೇಲೆ ಅನುಮಾನ ಬರುವುದು ಸಹಜ, ಮತ್ತು ಒಳ್ಳೆಯದು. ಆದರೆ ಅನುಮಾನವನ್ನು ಪರಿಹರಿಸಿಕೊಳ್ಳುವ ದಾರಿಯೂ ಇದೆ. 1950ರ ದಶಕದಲ್ಲಿ ಅಮೆರಿಕದ ಸೇನೆಯ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಡೇವಿಡ್ ಡ್ರಿಸ್ಕಾಲ್ ಎಂಬವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಚದುರುವುದು ಉಕ್ಕೋ, ಯಂತ್ರವೋ? ಬಹಳ ಎಚ್ಚರಿಕೆಯಿಂದ ಹದ ಮಾಡಿದ, ಒಂದಕ್ಕೊಂದು ತೀರ ಹತ್ತಿರದ ಬಲವಿರುವ ತುಂಡುಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಮುರಿಸಿ ನೋಡಿದಾಗ, ಬಳಕೆಯಲ್ಲಿದ್ದ ಯಂತ್ರಗಳಲ್ಲಿ ಕೆಲವು ನಂಬಿಕೆಗೆ ಅರ್ಹವಲ್ಲ ಎಂದು ಗೊತ್ತಾಯಿತು. ಯಂತ್ರಗಳನ್ನು ರಿಪೇರಿ ಮಾಡಿಸಿದರು, ಚದುರುವಿಕೆ ಇಳಿಯಿತು. ಇವತ್ತಿಗೂ ಎಎಸ್‌ಟಿಎಂ ಪ್ರಕಾರ ಯಂತ್ರವನ್ನು ತಾಳೆ ನೋಡುವುದು ಇಂಥ ಪ್ರಮಾಣಿತ ತುಂಡುಗಳಿಂದಲೇ. ನಿಗದಿತ ಬೆಲೆಯಿಂದ 1.4 ಜೂಲ್ ಅಥವಾ ಶೇ. 5, ಎರಡರಲ್ಲಿ ಯಾವುದು ದೊಡ್ಡದೋ ಅಷ್ಟರೊಳಗೆ ಯಂತ್ರದ ಉತ್ತರ ಇರಬೇಕು.

ಈ ಕತೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಬೇರೆಯೇ ಒಂದು ಸಂಗತಿ. ಆ ಪ್ರಮಾಣಿತ ತುಂಡುಗಳಲ್ಲಿ ಕಡಿಮೆ ಮತ್ತು ಹೆಚ್ಚಿನ ಶಕ್ತಿಯ ಎರಡು ಬಗೆಗೂ ಬಳಸುವುದು 4340 ಉಕ್ಕನ್ನು. ನಮ್ಮ ಶಾಪ್‌ಗಳಲ್ಲಿ ಇಎನ್ 24 ಎಂದು ಕರೆಯುವ ಉಕ್ಕಿನ ಹತ್ತಿರದ ಬಂಧು ಅದು. ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸಿದ ಉಕ್ಕೇ. ಟೆಂಪರಿಂಗ್ ಎನ್ನುವ ಆ ಎರಡನೆಯ ಕಾಯಿಸುವಿಕೆಯ ತಾಪಮಾನವನ್ನು ಬದಲಿಸಿಯೇ ಒಂದು ಬಗೆಯನ್ನು ಇನ್ನೊಂದಾಗಿಸುತ್ತಾರೆ. ಅಂದರೆ ಹೀಟ್ ಟ್ರೀಟ್‌ಮೆಂಟ್ ಆದ ಉಕ್ಕು ಹುಟ್ಟಿನಿಂದಲೇ ಚಂಚಲವೇನೂ ಅಲ್ಲ. ಕೈ ಬಿಗಿಯಾಗಿದ್ದರೆ ಅದೇ ಉಕ್ಕು ಅಳತೆಗೋಲಾಗುವಷ್ಟು ನೆಚ್ಚಿಕೆಯದು. ನಮ್ಮ 61, 57, 23 ಏಕೆ ಬಂತು ಎಂಬ ಪ್ರಶ್ನೆಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ.

ಉಕ್ಕಿನ ಒಳಗೆ ಹೋಗೋಣ. ಸಾಮಾನ್ಯ ಉಕ್ಕು ಮತ್ತು ಕಡಿಮೆ ಮಿಶ್ರಣದ ಉಕ್ಕು ಎರಡು ರೀತಿಯಲ್ಲಿ ಮುರಿಯುತ್ತದೆ. ಬೆಚ್ಚಗಿರುವಾಗ ಜಗ್ಗಿ, ಹರಿದು, ನಾರು ನಾರಾಗಿ ಮುರಿಯುತ್ತದೆ. ಮುರಿದ ಮುಖ ಮಂಕಾಗಿರುತ್ತದೆ, ಬದಿಗಳು ಉಬ್ಬಿರುತ್ತವೆ. ತುಂಬ ತಣ್ಣಗಾದಾಗ ಗಾಜಿನಂತೆ ಒಡೆಯುತ್ತದೆ; ಮುಖದ ತುಂಬ ಸಕ್ಕರೆ ಚೆಲ್ಲಿದಂತೆ ಹರಳು ಹರಳಾಗಿ ಹೊಳೆಯುತ್ತದೆ. ಇವೆರಡರ ನಡುವೆ ಒಂದು ಇಳಿಜಾರು ಇದೆ. ಆ ತಾಪಮಾನದಲ್ಲಿ ಉಕ್ಕು ಅರ್ಧ ಹರಿಯುತ್ತದೆ, ಅರ್ಧ ಒಡೆಯುತ್ತದೆ. ಅಂಕಿಗಳು ಎಲ್ಲಕ್ಕಿಂತ ಹೆಚ್ಚು ಚದುರುವುದು ಇಲ್ಲಿಯೇ.

ಯಾಕೆಂದರೆ ಒಡೆಯುವುದಕ್ಕೆ ಒಂದು ಆರಂಭ ಬೇಕು. ಕೆರೆಯ ಏರಿ ಒಡೆಯುವುದು ಅದರ ಸರಾಸರಿ ಗಟ್ಟಿತನ ಕಡಿಮೆಯಾಗಿದ್ದಕ್ಕಲ್ಲ. ಎಲ್ಲೋ ಒಂದು ಏಡಿ ಬಿಲ ಇದ್ದದ್ದಕ್ಕೆ. ನೀರಿನ ಒತ್ತಡ ಜಾಸ್ತಿ ಇರುವ ಕಡೆಯೇ ಆ ಬಿಲ ಇದ್ದರೆ ಬೇಗ ಒಡೆಯುತ್ತದೆ, ದೂರ ಇದ್ದರೆ ತಡವಾಗುತ್ತದೆ. ಉಕ್ಕಿನಲ್ಲಿ ಆ ಬಿಲದ ಕೆಲಸ ಮಾಡುವುದು ಒಂದು ಒರಟು ಕಾರ್ಬೈಡ್ ಕಣ, ಒಂದು ಕಲ್ಮಷದ ಚೂರು ಅಥವಾ ದಪ್ಪ ಹರಳಿನ ಒಂದು ಗುಂಪು. ಒಂದು ತುಂಡಿನಲ್ಲಿ ಅದು ಕಚ್ಚಿನ ತಳಕ್ಕೆ ಅಂಟಿಕೊಂಡೇ ಇರಬಹುದು, ಪಕ್ಕದ ತುಂಡಿನಲ್ಲಿ ಸ್ವಲ್ಪ ದೂರ ಇರಬಹುದು. ಅಷ್ಟರಲ್ಲೇ ಇಪ್ಪತ್ತು, ಮೂವತ್ತು ಜೂಲ್ ವ್ಯತ್ಯಾಸ. ಸ್ವೀಡನ್ನಿನ ವಾಲೋಡಿ ವೈಬುಲ್ 1939ರಲ್ಲಿ ವಸ್ತುಗಳ ಬಲಕ್ಕೆ ಇಂಥದೇ ದುರ್ಬಲ ಬಿಂದುವಿನ ಗಣಿತ ಕಟ್ಟಿದರು. ಫಿನ್ಲೆಂಡಿನ ಕಿಮ್ ವಾಲಿನ್ ಆ ಗಣಿತವನ್ನು ಈ ಇಳಿಜಾರಿನ ಪ್ರದೇಶಕ್ಕೆ ತಂದರು. ಬಿರುಕು ತಾಳುವ ಉಕ್ಕಿನ ಶಕ್ತಿ ಅಲ್ಲಿ ಒಂದು ಅಂಕಿ ಆಗಿರಲು ಸಾಧ್ಯವೇ ಇಲ್ಲ, ಅದು ಒಂದು ಹರವು ಎಂದು ತೋರಿಸಿದರು. ಅವರ ಕೆಲಸದ ಮೇಲೆ ನಿಂತ ಪರೀಕ್ಷಾ ವಿಧಾನ 1997ರಲ್ಲಿ ಎಎಸ್‌ಟಿಎಂ ಮಾನಕವಾಯಿತು.

ಇಳಿಜಾರಿನ ಮೇಲೆ ನಿಂತು ಪರೀಕ್ಷೆ ಮಾಡಿದರೆ ಅಂಕಿಗಳು ಚದುರುತ್ತವೆ, ಸರಿ. ಆದರೆ ಮೈನಸ್ 20 ಡಿಗ್ರಿಯಲ್ಲಿ ಈ ಶಾಫ್ಟ್ ಇಳಿಜಾರಿನ ಮೇಲೆ ಯಾಕೆ ನಿಂತಿತು? ಒಳ್ಳೆಯ ಹದದ ಉಕ್ಕಾಗಿದ್ದರೆ ಆ ಇಳಿಜಾರು ಇನ್ನೂ ಕೆಳಗಿನ ತಾಪಮಾನಕ್ಕೆ ಸರಿದಿರಬೇಕಿತ್ತು. ಇಲ್ಲಿಂದ ಮುಂದಿನ ಉತ್ತರ ಇರುವುದು ಕುಲುಮೆಯ ಬಳಿ.

ಹದ ಎಂಬ ಮಾತನ್ನು ನಮ್ಮ ಕಮ್ಮಾರರು ಎಷ್ಟು ಅರ್ಥವತ್ತಾಗಿ ಬಳಸುತ್ತಿದ್ದರು! ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದಿದರೆ ಗಡಸು ಬರುತ್ತದೆ, ಜೊತೆಗೆ ಪೆಡಸೂ ಬರುತ್ತದೆ. ಅದನ್ನೇ ಮತ್ತೆ ಬಿಸಿಗೆ ಹಿಡಿದು, ಉಜ್ಜಿದ ಅಂಚಿನ ಮೇಲೆ ಒಣಹುಲ್ಲಿನ ಬಣ್ಣ, ಕಂದು, ನೀಲಿ ಹರಿಯುವುದನ್ನು ನೋಡುತ್ತಾ ಬೇಕಾದ ಬಣ್ಣಕ್ಕೆ ನಿಲ್ಲಿಸಿದರೆ ಗಡಸು ಸ್ವಲ್ಪ ಇಳಿದು ತಾಳಿಕೆ ಬರುತ್ತದೆ. ತೆಳ್ಳನೆಯ ಕುಡುಗೋಲಿಗೆ ಹೊರಗೊಂದು ಒಳಗೊಂದು ಹದ ಎಂಬ ತೊಂದರೆ ಅಷ್ಟಾಗಿ ಇಲ್ಲ. 110 ಮಿಲಿಮೀಟರ್ ದಪ್ಪದ ಶಾಫ್ಟ್‌ಗೆ ಇದೆ.

ಕೆಂಪಗೆ ಕಾದ ದಪ್ಪ ಶಾಫ್ಟನ್ನು ಎಣ್ಣೆಗೆ ಇಳಿಸಿದಾಗ ಹೊರಮೈ ಬೇಗ ತಣಿಯುತ್ತದೆ. ಅಲ್ಲಿ ಸೂಕ್ಷ್ಮವಾದ ಮಾರ್ಟೆನ್‌ಸೈಟ್ ಆಗುತ್ತದೆ. ಟೆಂಪರಿಂಗ್ ಆದ ಮೇಲೆ ಗಡಸು ಮತ್ತು ತಾಳಿಕೆ ಎರಡೂ ಚೆನ್ನಾಗಿ ಕೂಡಿಬರುವುದು ಈ ರಚನೆಯಲ್ಲೇ. ನಡುವಿನ ಭಾಗ ಮಾತ್ರ ನಿಧಾನಕ್ಕೆ ತಣಿಯುತ್ತದೆ, ಒರಟು ಬೈನೈಟ್ ಮತ್ತಿತರ ರಚನೆಗಳ ಬೆರಕೆಯಾಗುತ್ತದೆ. ನಿಕ್ಕಲ್ ಇರುವ ಇಎನ್ 24 ಉಕ್ಕು ಇದನ್ನು ಬಹಳ ಆಳದವರೆಗೆ ತಡೆದುಕೊಳ್ಳುತ್ತದೆ. ನಿಕ್ಕಲ್ ಇಲ್ಲದ, ಅಗ್ಗದ ಇಎನ್ 19 ಅಷ್ಟು ತಡೆಯುವುದಿಲ್ಲ. ಇದಕ್ಕೆ ಎಣ್ಣೆಯ ಕತೆಯೂ ಸೇರುತ್ತದೆ. ಬೆಳಗ್ಗೆ ಮೊದಲ ಚಾರ್ಜ್‌ಗೆ ಇದ್ದ ಎಣ್ಣೆಯ ಬಿಸಿ ಸಂಜೆಯ ಚಾರ್ಜ್‌ಗೆ ಇರುವುದಿಲ್ಲ. ಕಲಕುವ ಪಂಪು ಕೆಟ್ಟಿದ್ದರೆ ಬುಟ್ಟಿಯ ಅಂಚಿನ ಜಾಬ್‌ಗೆ ಒಂದು ತಣಿವು, ನಡುವಿನ ಜಾಬ್‌ಗೆ ಇನ್ನೊಂದು. 'ಇಂಚಿಗೆ ಒಂದು ಗಂಟೆ' ಎಂದು ಲೆಕ್ಕ ಹಾಕಿ ಕುಲುಮೆಯಲ್ಲಿ ಇಡುತ್ತಾರೆ, ಆದರೆ ಗೋಡೆಯ ಮೀಟರ್ ತೋರಿಸುವುದು ಕುಲುಮೆಯ ಬಿಸಿಯನ್ನು, ಶಾಫ್ಟ್‌ನ ಹೊಟ್ಟೆಯೊಳಗಿನ ಬಿಸಿಯನ್ನಲ್ಲ.

ತುಂಡು ಕತ್ತರಿಸಿದ ದಿಕ್ಕೂ ಉತ್ತರವನ್ನು ಬದಲಿಸುತ್ತದೆ. ಸೌದೆಯನ್ನು ನಾರಿನುದ್ದಕ್ಕೆ ಸೀಳುವುದು ಸುಲಭ, ಅಡ್ಡಕ್ಕೆ ಕಡಿಯುವುದು ಕಷ್ಟ. ಉರುಳಿಸಿ ಉದ್ದ ಮಾಡಿದ ಉಕ್ಕಿನಲ್ಲಿ ಮ್ಯಾಂಗನೀಸ್ ಸಲ್ಫೈಡಿನ ಕಣಗಳು ದಾರದಂತೆ ಎಳೆದುಕೊಂಡು ಅಂಥದೇ ನಾರನ್ನು ಮಾಡಿರುತ್ತವೆ. ಬಾರ್‌ನ ಉದ್ದಕ್ಕೆ ತೆಗೆದ ತುಂಡು ಕೊಡುವ ಅಂಕಿಯನ್ನು ಅಡ್ಡಕ್ಕೆ ತೆಗೆದ ತುಂಡಿನಿಂದ ನಿರೀಕ್ಷಿಸುವಂತಿಲ್ಲ.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಟೆಂಪರಿಂಗ್‌ನಲ್ಲೇ ಅಡಗಿರುವ ಒಂದು ಕೇಡು. ಟೆಂಪರಿಂಗ್ ಮಾಡಿದ ಮಿಶ್ರಲೋಹದ ಉಕ್ಕನ್ನು ಸುಮಾರು 575ರಿಂದ 375 ಡಿಗ್ರಿಯ ನಡುವೆ ನಿಧಾನವಾಗಿ ತಣಿಯಲು ಬಿಟ್ಟರೆ, ಅದರಲ್ಲಿರುವ ಅತ್ಯಲ್ಪ ರಂಜಕ, ತವರ, ಆಂಟಿಮನಿ, ಆರ್ಸೆನಿಕ್ ಹರಳುಗಳ ಅಂಚಿಗೆ ಹೋಗಿ ಸೇರಿಕೊಳ್ಳುತ್ತವೆ. ಗೋಡೆಯ ಇಟ್ಟಿಗೆಗಳೆಲ್ಲ ಗಟ್ಟಿ, ನಡುವಿನ ಗಾರೆ ಮಾತ್ರ ಪುಡಿಯಾದ ಹಾಗೆ. ಸಣ್ಣ ಜಾಬನ್ನು ಹೊರಗೆಳೆದರೆ ಬೇಗ ತಣಿದು ಪಾರಾಗುತ್ತದೆ. ದಪ್ಪ ಜಾಬನ್ನು ಕುಲುಮೆಯಲ್ಲೇ ಬಿಟ್ಟು ಬಾಗಿಲು ಮುಚ್ಚಿ ಮನೆಗೆ ಹೋದರೆ ಬೆಳಗಿನ ಹೊತ್ತಿಗೆ ಕೆಟ್ಟಿರುತ್ತದೆ. ಗಡಸುತನ ನೋಡಿದರೆ ಅಷ್ಟೇ ಇರುತ್ತದೆ. ಎಳೆದು ನೋಡುವ ಪರೀಕ್ಷೆಯಲ್ಲೂ ಪಾಸು. ಸುತ್ತಿಗೆಯ ಹೊಡೆತಕ್ಕೆ ಮಾತ್ರ ಬಣ್ಣ ಬಯಲಾಗುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ನಿಕ್ಕಲ್-ಕ್ರೋಮಿಯಂ ಉಕ್ಕಿನ ಫಿರಂಗಿಗಳನ್ನು ಕಾಡಿದ ಈ ಕಾಯಿಲೆಗೆ ಜರ್ಮನರು 'ಕ್ರುಪ್ ಕಾಯಿಲೆ' ಎಂದೇ ಹೆಸರಿಟ್ಟಿದ್ದರು. ಅರ್ಧ ಶೇಕಡಾದಷ್ಟು ಮಾಲಿಬ್ಡಿನಂ ಸೇರಿಸಿದರೆ ಕಾಯಿಲೆ ಬಹಳ ಮಟ್ಟಿಗೆ ಹಿಡಿತಕ್ಕೆ ಬರುತ್ತದೆ ಎಂದು ಆಮೇಲೆ ತಿಳಿಯಿತು. ಬಹಳ ಮಟ್ಟಿಗೆ, ಪೂರ್ತಿಯಾಗಿ ಅಲ್ಲ.

1969ರಲ್ಲಿ ಇಂಗ್ಲೆಂಡಿನ ಹಿಂಕ್ಲಿ ಪಾಯಿಂಟ್ 'ಎ' ವಿದ್ಯುತ್ ಸ್ಥಾವರದಲ್ಲಿ, ಟರ್ಬೈನನ್ನು ಮಾಮೂಲಿಗಿಂತ ಹೆಚ್ಚು ವೇಗದಲ್ಲಿ ತಿರುಗಿಸಿ ನೋಡುತ್ತಿದ್ದಾಗ ಒಂದು ಡಿಸ್ಕ್ ಸಿಡಿದು ಚೂರಾಯಿತು. ಕ್ರೋಮಿಯಂ-ಮಾಲಿಬ್ಡಿನಂ ಉಕ್ಕಿನ ಡಿಸ್ಕ್ ಅದು. ಕೀ-ವೇಯ ಬಳಿ ಒಂದೆರಡು ಮಿಲಿಮೀಟರ್ ಆಳದ ಬಿರುಕು ಹುಟ್ಟಿತ್ತು. ತಾಳಿಕೆ ಇರುವ ಉಕ್ಕು ಅಷ್ಟು ಸಣ್ಣ ಬಿರುಕನ್ನು ಹೊತ್ತು ನಿಲ್ಲುತ್ತಿತ್ತು. ಟೆಂಪರಿಂಗ್‌ನ ನಂತರ ನಿಧಾನವಾಗಿ ತಣಿದು ಪೆಡಸಾಗಿದ್ದ ಆ ಉಕ್ಕು ನಿಲ್ಲಲಿಲ್ಲ.

ತಾಳಿಕೆ ಕೆಳಗಿಳಿದ ಉಕ್ಕು ಏನು ಮಾಡಬಲ್ಲದು ಎಂಬುದನ್ನು ಜಗತ್ತಿಗೆ ಕಲಿಸಿದ್ದು ಎರಡನೆಯ ಮಹಾಯುದ್ಧದ ಹಡಗುಗಳು. 1943ರ ಜನವರಿ 16ರ ರಾತ್ರಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಸ್ಕೆನೆಕ್ಟಡಿ ಎಂಬ ಹೊಚ್ಚ ಹೊಸ ಟ್ಯಾಂಕರ್ ಹಡಗು ಕಟ್ಟೆಯಲ್ಲಿ ನಿಂತಲ್ಲೇ, ಅಲೆಯಿಲ್ಲದ ನೀರಿನಲ್ಲಿ, ದೊಡ್ಡ ಸದ್ದಿನೊಂದಿಗೆ ನಡುಮುರಿಯಿತು. ಅದು ಹದ ಮಾಡಿದ ಉಕ್ಕಲ್ಲ, ಸಾಮಾನ್ಯ ತಗಡಿನ ಉಕ್ಕು. ಕೇಂಬ್ರಿಜ್‌ನ ಕಾನ್ಸ್ಟನ್ಸ್ ಟಿಪ್ಪರ್ ಇಂಥ ಹಡಗುಗಳ ಉಕ್ಕನ್ನು ಅಭ್ಯಾಸ ಮಾಡಿ, ಚಳಿಯಲ್ಲಿ ಪೆಡಸಾಗುವ ಅದರ ಸ್ವಭಾವವೇ ಕಾರಣ ಎಂದು ತೋರಿಸಿದರು. ಶಾರ್ಪಿ ಪರೀಕ್ಷೆಗೆ ಕನಿಷ್ಠ ಅಂಕಿಯನ್ನು ನಿಗದಿ ಮಾಡುವ ಪದ್ಧತಿ ಬೇರೂರಿದ್ದು ಈ ಅವಘಡಗಳ ನಂತರ. ನಮ್ಮ ಐಎಸ್ 2062 ಉಕ್ಕಿಗೆ ಕೇಳುವ 27 ಜೂಲ್‌ನಂಥ ಅಂಕಿಗಳು ಆ ಪದ್ಧತಿಯಲ್ಲೇ ಬೆಳೆದು ಬಂದವು.

ಮಾನಕ ಬರೆದವರಿಗೆ ಈ ಚದುರುವಿಕೆ ಗೊತ್ತಿತ್ತು. ಅದಕ್ಕೇ ಒಂದು ತುಂಡಿನ ಬದಲು ಮೂರು ಕೇಳಿದರು. ಸರಾಸರಿ ಇಷ್ಟಿರಬೇಕು, ಒಂದೇ ಒಂದು ತುಂಡು ಅದಕ್ಕಿಂತ ಕೆಳಗೆ ಬರಬಹುದು, ಆದರೆ ಕೇಳಿದ ಅಂಕಿಯ ಶೇ. 70ಕ್ಕಿಂತ ಕೆಳಗೆ ಬರಕೂಡದು ಎಂದರು. ನಲವತ್ತರ ಎಪ್ಪತ್ತು ಶೇಕಡಾ ಇಪ್ಪತ್ತೆಂಟು. ಪೀಣ್ಯದ ಹಿರಿಯರು ಹೇಳಿದ ಲೆಕ್ಕ ಇದೇ. ಸೋತರೆ ಮತ್ತೆ ಮೂರು ಹೊಡೆಯಲು ಅವಕಾಶವಿದೆ. ಆದರೆ ಯುರೋಪಿನ ಮತ್ತು ನಮ್ಮ ಮಾನಕಗಳಲ್ಲಿ ಸರಾಸರಿ ತೆಗೆಯಬೇಕಾದ್ದು ಆರೂ ತುಂಡುಗಳದ್ದು. ಹಳೆಯ ಕೆಟ್ಟ ಅಂಕಿ ಕಡತದಲ್ಲಿ ಉಳಿದೇ ಇರುತ್ತದೆ. ಅದನ್ನು ಬಿಟ್ಟು ಇನ್ನೊಂದು ಹೊಡೆಯುವುದಕ್ಕೆ ಈ ಮಾನಕಗಳು ಒಪ್ಪುವುದಿಲ್ಲ. ತುಂಡಿನ ಕಚ್ಚು ತಪ್ಪಾಗಿತ್ತು, ಅಥವಾ ಹೊಡೆತ ಸರಿಯಾಗಿ ಬೀಳಲಿಲ್ಲ ಎಂದು ತೋರಿಸಿಕೊಟ್ಟರೆ ಮಾತ್ರ ಆ ಮಾತು ಬೇರೆ.

ಆ ಹಿರಿಯರು ಅಂದು ತೋರಿಸಿಕೊಡಲು ನಿಜಕ್ಕೂ ಯತ್ನಿಸಿದರು. ಅದೇ ನನಗೆ ಹಿಡಿಸಿದ್ದು. ಮುರಿದ ಆರು ಅರ್ಧಗಳನ್ನೂ ಎದುರಿಗೆ ಸಾಲಾಗಿ ಇಟ್ಟುಕೊಂಡರು. ಕಚ್ಚಿನ ಉಳಿದ ಆಕಾರವನ್ನು ಪ್ರೊಫೈಲ್ ಪ್ರೊಜೆಕ್ಟರ್‌ನಲ್ಲಿ 50 ಪಟ್ಟು ದೊಡ್ಡದು ಮಾಡಿ ನೋಡಿದರು, ಸರಿಯಾಗಿತ್ತು. ಯಂತ್ರದ ಕ್ಯಾಲಿಬ್ರೇಷನ್ ಕಾಗದ ತೆಗೆದು ತೋರಿಸಿದರು, ಅವಧಿ ಮುಗಿದಿರಲಿಲ್ಲ. ಮೊದಲೆರಡು ತುಂಡಿನ ಮುಖ ಮಂಕು, ಬದಿಗಳು ಉಬ್ಬಿದ್ದವು. ಮೂರನೆಯದರ ಮುಖದಲ್ಲಿ ಮುಕ್ಕಾಲು ಭಾಗ ಹರಳು ಹರಳಾಗಿ ಹೊಳೆಯುತ್ತಿತ್ತು. ಆಮೇಲೆ ತುಂಡುಗಳ ತುದಿಯಲ್ಲಿ ಪಂಚ್ ಮಾಡಿದ್ದ ಗುರುತು ಓದಿದರು. ಮೊದಲ ಎರಡನ್ನು ಶಾಫ್ಟ್‌ನ ಹೊರಮೈಗೆ ಹತ್ತಿರದಿಂದ ತೆಗೆದಿದ್ದರು. ಮೂರನೆಯದಕ್ಕೆ ಅಲ್ಲಿ ಜಾಗ ಸಾಲದೆ ನಡುಭಾಗಕ್ಕೆ ಸಮೀಪದಿಂದ ತೆಗೆದಿದ್ದರು.

"ಹಾರ್ಡ್‌ನೆಸ್ ಹತ್ತು ಕಡೆ ನೋಡಿದ್ದು ಎಲ್ಲೆಲ್ಲಿ?" ಎಂದು ಕೇಳಿದರು.

"ಉದ್ದಕ್ಕೂ ನೋಡಿದ್ದೀವಿ ಸಾರ್. ಮೇಲೇನೇ."

ಹತ್ತೂ ಹೊರಮೈಯಲ್ಲಿ. ಶಾಫ್ಟ್ ಇಎನ್ 19. ಅಡ್ಡಕ್ಕೆ ಕತ್ತರಿಸಿದ ಒಂದು ಬಿಲ್ಲೆಯನ್ನು ಹೊರಗಿನಿಂದ ಒಳಗಿನವರೆಗೆ ಹೆಜ್ಜೆ ಹೆಜ್ಜೆಗೂ ಒತ್ತಿ ನೋಡಿದಾಗ ನಡುವಿಗೆ ಹೋಗುತ್ತಾ ಗಡಸುತನ ಇಳಿಯಿತು. ಆ ಉಕ್ಕಿಗೆ, ಆ ದಪ್ಪಕ್ಕೆ, ಆ ಎಣ್ಣೆಯ ತಣಿವು ಸಾಲದಾಗಿತ್ತು. 23 ಜೂಲ್ ಎಂಬುದು ಆ ಶಾಫ್ಟ್‌ನ ಒಳಗಿನ ನಿಜವಾದ ಸ್ಥಿತಿ.

ಇಲ್ಲಿ ಹುಡುಗನದು ಮಾತ್ರ ತಪ್ಪೆಂದು ನಾನು ಹೇಳಲಾರೆ. ಡ್ರಾಯಿಂಗ್‌ನಲ್ಲಿ '40 ಜೂಲ್, ಮೈನಸ್ 20 ಡಿಗ್ರಿ' ಎಂದಷ್ಟೇ ಇತ್ತು. ತುಂಡನ್ನು ಹೊರಮೈಯಿಂದ ಎಷ್ಟು ಒಳಗೆ ತೆಗೆಯಬೇಕು, ಯಾವ ದಿಕ್ಕಿನಲ್ಲಿ ತೆಗೆಯಬೇಕು ಎಂಬುದನ್ನು ಕೇಳಿದವರೂ ಬರೆದಿರಲಿಲ್ಲ, ಮಾಡಿದವರೂ ಕೇಳಿರಲಿಲ್ಲ. ಎಷ್ಟೋ ಕಡೆ ಶಾಫ್ಟ್‌ನ ಜೊತೆಗೆ 25 ಮಿಲಿಮೀಟರ್‌ನ ಒಂದು ಸಣ್ಣ ಬಾರನ್ನು ಕುಲುಮೆಗೆ ಹಾಕಿ, ಅದರಿಂದ ತುಂಡು ತೆಗೆದು ಹೊಡೆಸುತ್ತಾರೆ. ಆ ಸಣ್ಣ ಬಾರ್ ಒಳಗಿನವರೆಗೂ ಚೆನ್ನಾಗಿ ತಣಿಯುತ್ತದೆ, ಅಂಕಿಗಳು ಮೂರೂ ಒಂದಕ್ಕೊಂದು ಹತ್ತಿರ ಬರುತ್ತವೆ, ಕಾಗದ ನೋಡಲು ಚೆಂದ. ಶಾಫ್ಟ್‌ನ ಬಗ್ಗೆ ಆ ಕಾಗದ ಏನನ್ನೂ ಹೇಳುವುದಿಲ್ಲ. ಚದುರಿದ ಅಂಕಿಗಿಂತ ಹೀಗೆ ಸುಳ್ಳೇ ಒಂದಾದ ಅಂಕಿ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಉಕ್ಕಿನ ಬಿಡಿಭಾಗ ಕೊಳ್ಳುವವರಲ್ಲಿ, ಪರೀಕ್ಷಾ ವರದಿಗೆ ಸಹಿ ಹಾಕುವವರಲ್ಲಿ ನನ್ನದೊಂದು ಕೋರಿಕೆ. ಡ್ರಾಯಿಂಗ್‌ನಲ್ಲಿ ತುಂಡು ತೆಗೆಯುವ ಜಾಗ ಮತ್ತು ದಿಕ್ಕು ಬರೆಯಿರಿ. ವರದಿಯಲ್ಲಿ ಮೂರೂ ಅಂಕಿಗಳಿರಲಿ, ತಾಪಮಾನವಿರಲಿ, ಮುರಿದ ಮುಖದಲ್ಲಿ ಎಷ್ಟು ಭಾಗ ಹರಳಾಗಿತ್ತು ಎಂಬುದಿರಲಿ. ಮುರಿದ ಅರ್ಧಗಳನ್ನು ಎಸೆಯದೆ ಒಂದು ಲಕೋಟೆಯಲ್ಲಿ ಹಾಕಿಡಿ. ಬರೀ ಸರಾಸರಿ ಬರೆದ ಸರ್ಟಿಫಿಕೇಟ್ ಕೈಗೆ ಬಂದರೆ ದಯವಿಟ್ಟು ವಾಪಸ್ ಕಳಿಸಿ, ಮೂರೂ ಅಂಕಿ ಕೇಳಿ.